ಪೋಷಕತ್ವ ಆರೈಕೆ ಮತ್ತು ಮಕ್ಕಳ ಶಿಕ್ಷಣ: ಭಾರತ

ಹೆತ್ತವರ ಆಸರೆ ತಪ್ಪಿದ ಮಗುವನ್ನು ಬಾಲಮಂದಿರದಲ್ಲಿ ಇರಿಸದೆ, ದತ್ತು ಕೊಡದೆ, ಬೇರೊಂದು ಕುಟುಂಬದಲ್ಲಿ ಬೆಳೆಸುವ ವ್ಯವಸ್ಥೆ. ಫಾಸ್ಟರ್ ಕೇರ್ ಎಂದೂ ಕರೆಯುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯ 44ನೇ ಪ್ರಕರಣ ಇದಕ್ಕೆ ಆಧಾರ. ಮಗುವನ್ನು ಒಪ್ಪಿಸುವುದೂ ತಿಂಗಳಿಗೊಮ್ಮೆ ಆ ಮನೆಯನ್ನು ಪರಿಶೀಲಿಸುವುದೂ ಮಕ್ಕಳ ಕಲ್ಯಾಣ ಸಮಿತಿಯ ಕೆಲಸ. ಓದು, ಆರೋಗ್ಯ, ಪೌಷ್ಟಿಕ ಆಹಾರ ಪೋಷಕ ಕುಟುಂಬದ ಹೊಣೆ. ಒಡಹುಟ್ಟಿದವರನ್ನು ಆದಷ್ಟೂ ಒಂದೇ ಮನೆಯಲ್ಲಿ ಇರಿಸಬೇಕೆಂಬ ಮಾತು ಕಾಯ್ದೆಯಲ್ಲೇ ಇದೆ. ಮಿಷನ್ ವಾತ್ಸಲ್ಯ ಯೋಜನೆಯಡಿ ಮಗುವಿಗೆ ತಿಂಗಳಿಗೆ 4,000 ರೂ. ನೆರವು ಸಿಗುತ್ತದೆ. 2024ರ ಮಾದರಿ ಮಾರ್ಗಸೂಚಿ ಅವಿವಾಹಿತರು, ವಿಚ್ಛೇದಿತರಿಗೂ ಪೋಷಕರಾಗುವ ಅವಕಾಶ ಕೊಟ್ಟಿತು.

ಮನೆಯೊಂದಿಗೆ ಶಾಲೆಯೂ ಬದಲಾದರೆ ಓದಿಗೆ ದೊಡ್ಡ ಪೆಟ್ಟು ಬೀಳುತ್ತದೆ. ವರ್ಷದ ನಡುವೆ ಬಂದ ಮಗುವಿಗೆ ಪಠ್ಯ ಎಲ್ಲಿಗೆ ಬಂದಿದೆ ಎಂಬುದೇ ತಿಳಿಯದು. ಕೈಯಲ್ಲಿ ವರ್ಗಾವಣೆ ಪತ್ರವಾಗಲಿ ಜನನ ಪ್ರಮಾಣಪತ್ರವಾಗಲಿ ಇಲ್ಲದಿರಬಹುದು. ಟಿ.ಸಿ. ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಆದರೆ ಆ ರಕ್ಷಣೆ ಎಂಟನೇ ತರಗತಿಯವರೆಗಿನ ಓದಿಗೆ ಮಾತ್ರ. ಎಸ್‌ಎಸ್‌ಎಲ್‌ಸಿ, ಪಿಯುಸಿಯ ವರ್ಷಗಳಲ್ಲಿ, ಆಸರೆ ತೀರಾ ಬೇಕಾದ ಹೊತ್ತಿನಲ್ಲಿ, ಅದು ಇರುವುದಿಲ್ಲ.

18 ತುಂಬಿದವರಿಗೆ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ, ಅನುಪಾಲನಾ ನೆರವು ಕೊಡಲು ಬಾಲನ್ಯಾಯ ವ್ಯವಸ್ಥೆಯಲ್ಲಿ ಅವಕಾಶವಿದೆ. ಆದರೆ 46ನೇ ಪ್ರಕರಣ ಮಾತಾಡುವುದು ಪಾಲನಾ ಸಂಸ್ಥೆಗಳಿಂದ ಹೊರಬರುವವರ ಕುರಿತು. ಪೋಷಕ ಕುಟುಂಬದಲ್ಲಿ ಬೆಳೆದವರನ್ನು ಅದು ಹೆಸರಿಸಿಲ್ಲ. ಪದವಿ ಓದುತ್ತಿರುವ ಹುಡುಗ ಹುಡುಗಿಯರ ಮಟ್ಟಿಗೆ ಇದು ಕಾಯ್ದೆಯ ಗಂಭೀರ ಕೊರತೆ.