ವಚನಗಳಿಗೆ ಸಾಲು ಹಾಕಿದವರು

ಬಸವಣ್ಣನವರ ವಚನಗಳ ಪುಸ್ತಕ ನಿಮ್ಮ ಮನೆಯಲ್ಲಿದ್ದರೆ ಒಮ್ಮೆ ತೆರೆದು ನೋಡಿ. ವಚನ ವಚನಕ್ಕೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಬಸವಣ್ಣನವರು ಕೊಟ್ಟದ್ದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಯಾವ ವಚನ ಮೊದಲು ಹುಟ್ಟಿತು, ಯಾವುದು ಆಮೇಲೆ ಎಂದು ಹೇಳಲು ಆಧಾರವಿಲ್ಲ. ನಾವು ಓದುವ ಅನುಕ್ರಮ ಮುಂದಿನವರು ಕಟ್ಟಿಕೊಟ್ಟದ್ದು. ಬಸವ ಜಯಂತಿಯಂದು ಹೊರದೇಶದ ಕನ್ನಡ ಸಂಘಗಳಲ್ಲೂ ವಚನಗಳನ್ನು ಹಾಡುತ್ತಾರೆ. ಅವುಗಳನ್ನು ಹುಡುಕಿ, ಕೂಡಿಸಿ, ಜೋಡಿಸಿಟ್ಟವರ ಹೆಸರು ಮಾತ್ರ ವೇದಿಕೆಯ ಮೇಲೆ ಕೇಳಿಬರುವುದು ಕಡಿಮೆ.

ಕಲ್ಯಾಣದ ಕೋಲಾಹಲದಲ್ಲಿ ಶರಣರು ದಿಕ್ಕುದಿಕ್ಕಿಗೆ ಚದುರಿದರು, ವಚನಗಳೂ ಅವರ ಜೊತೆ ಚದುರಿದವು ಎನ್ನುತ್ತದೆ ಪರಂಪರೆ. ಅವುಗಳನ್ನು ಒಟ್ಟುಗೂಡಿಸುವ ದೊಡ್ಡ ಕೆಲಸ ನಡೆದದ್ದು ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಮತ್ತು ಅದರಾಚೆಗೆ. ವಿರಕ್ತರು ಹಲವು ಶರಣರ ವಚನಗಳನ್ನು ಒಂದೇ ಕಟ್ಟಿಗೆ ತಂದರು. ತಂದ ಮೇಲೆ ಹೇಗೆ ಇಡುವುದು? ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳ ಮೆಟ್ಟಿಲಿನಲ್ಲಿ ಇಟ್ಟರು. ಇದು ಬರೀ ವಿಂಗಡಣೆಯಲ್ಲ. ಈ ಮಾತು ಭಕ್ತನದೋ ಶರಣನದೋ ಎಂದು ನಿರ್ಧರಿಸಬೇಕಾದರೆ ವಚನದ ಒಳಗೆ ಇಳಿಯಲೇಬೇಕು. ಸಂಕಲನಕಾರರೆಂದು ನಾವು ಕರೆಯುವ ಇವರನ್ನು ವಚನಗಳ ಮೊದಲ ವಿಮರ್ಶಕರೆಂದು ನಾನು ಎಣಿಸುತ್ತೇನೆ.

ಇದೇ ಕಾಲದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಇನ್ನೂ ಧೈರ್ಯದ ದಾರಿ ಹಿಡಿದ. ಬೇರೆ ಬೇರೆ ಶರಣರು ಬೇರೆ ಬೇರೆ ಹೊತ್ತಿನಲ್ಲಿ ಆಡಿದ ವಚನಗಳನ್ನು ಎದುರುಬದುರು ಕೂರಿಸಿ ಸಂಭಾಷಣೆ ಮಾಡಿದ. ನಡುವೆ ಅಲ್ಲಮ, ಸುತ್ತ ಬಸವಣ್ಣ, ಚೆನ್ನಬಸವಣ್ಣ, ಅಕ್ಕ, ಸಿದ್ಧರಾಮ. ಅದೇ ಶೂನ್ಯಸಂಪಾದನೆ. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಮುಂದೆ ಅದನ್ನೇ ತಂತಮ್ಮ ರೀತಿಯಲ್ಲಿ ಮರುಜೋಡಿಸಿದರು. ಸಿದ್ಧರಾಮನಿಗೆ ಲಿಂಗದೀಕ್ಷೆ ಆಯಿತೋ ಇಲ್ಲವೋ ಎಂಬಂಥ ಪ್ರಶ್ನೆಗೂ ಉತ್ತರ ಪ್ರತಿಯಿಂದ ಪ್ರತಿಗೆ ಬೇರೆಯಾಗುತ್ತದೆ. ಅಕ್ಕಮಹಾದೇವಿ ಅಲ್ಲಮನಿಗೆ ಕೊಡುವ ಉತ್ತರಗಳನ್ನು ಕೇಳಿ ಮೈ ನವಿರೇಳುತ್ತದಲ್ಲ, ಆ ಪ್ರಶ್ನೋತ್ತರವನ್ನು ಹೆಣೆದದ್ದು ಈ ಸಂಪಾದಕರ ಕೈ.

ಓಲೆಗರಿಯ ಕಟ್ಟನ್ನು ಹತ್ತಿರದಿಂದ ನೋಡಿದರೆ ಈ ದುಡಿಮೆಯ ಕಷ್ಟ ತಿಳಿಯುತ್ತದೆ. ಗರಿಗಳಿಗೆ ತೂತು, ತೂತಿನಲ್ಲಿ ದಾರ, ಮೇಲೆ ಕೆಳಗೆ ಮರದ ಹಲಗೆ. ಗರಿಯ ಎರಡು ಮುಖಕ್ಕೂ ಸೇರಿ ಒಂದೇ ಅಂಕಿ, ಅದೂ ಅಂಚಿನಲ್ಲಿ. ಮೊದಲು ಮುರಿಯುವುದು ಅಂಚೇ. ಅಂಕಿ ಹೋಗಿ ದಾರವೂ ಹರಿದರೆ ಒಂದು ಗರಿಯ ಕೊನೆಯ ಮಾತು ಯಾವ ಗರಿಯ ಮೊದಲ ಮಾತಿಗೆ ಕೂಡುತ್ತದೆ ಎಂದು ಹುಡುಕಬೇಕು. ಹುಳು ಕೊರೆದ ತೂತುಗಳೂ ನೆರವಿಗೆ ಬರುತ್ತವೆ: ಒಂದರ ಮೇಲೊಂದು ಇದ್ದ ಗರಿಗಳಲ್ಲಿ ತೂತು ಒಂದೇ ಜಾಗದಲ್ಲಿ ಬಿದ್ದಿರುತ್ತದೆ.

ಓಲೆಯಲ್ಲಿ ವಚನಗಳು ಪದ್ಯದ ಹಾಗೆ ಸಾಲು ಮುರಿದುಕೊಂಡಿಲ್ಲ. ಬರಹ ಒಂದೇ ಸಮನೆ ಹರಿಯುತ್ತದೆ. ಅಚ್ಚಿನಲ್ಲಿ ಕಾಣುವ ಗಿಡ್ಡ ಸಾಲುಗಳು ಇಪ್ಪತ್ತನೆಯ ಶತಮಾನದ ಸಂಪಾದಕರು ಮಾಡಿದ ಏರ್ಪಾಡು. ವಚನ ಮುಗಿಯಿತೆಂದು ತಿಳಿಸುವ ದೊಡ್ಡ ಗುರುತು ಅಂಕಿತ, ಅಂದರೆ ವಚನಕಾರರು ಕರೆಯುವ ದೇವರ ಹೆಸರು. ಆದರೆ ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಉಳ್ಳವರ ಶಿವಾಲಯದ ವಚನವನ್ನೇ ನೆನೆಯಿರಿ. ಕೂಡಲಸಂಗಮದೇವನನ್ನು ಕರೆದಾದ ಮೇಲೆ ಸ್ಥಾವರ ಜಂಗಮಗಳ ಮಾತು ಬರುತ್ತದೆ. ಅಂಕಿತದ ಹತ್ತಿರವೇ ಗೆರೆ ಎಳೆದಿದ್ದರೆ ವಚನದ ಪ್ರಾಣವೇ ಹೋಗುತ್ತಿತ್ತು.

ಈ ಕಟ್ಟುಗಳನ್ನು ಮಠಗಳಿಂದ, ಮನೆಗಳ ಜಗಲಿಯಿಂದ ಅಚ್ಚಿನ ಮೊಳೆಗೆ ತಂದವರಲ್ಲಿ ಮುಂಚೂಣಿಯವರು ಫ. ಗು. ಹಳಕಟ್ಟಿ. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲರಾದವರು. ಊರೂರು ತಿರುಗಿ ಓಲೆ ಕೂಡಿಸಿದರು, ಪ್ರತಿ ಮಾಡಿದರು, ಪ್ರತಿಗೆ ಪ್ರತಿ ಹಿಡಿದು ನೋಡಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂತು. ಅಚ್ಚಿನ ತೊಂದರೆ ತೀರಲೆಂದು 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರೆಂದು ನಮ್ಮ ಕಡೆ ಇಂದಿಗೂ ನೆನೆಯುತ್ತಾರೆ. ಮರುವರ್ಷ ‘ಶಿವಾನುಭವ’ ಪತ್ರಿಕೆ ಶುರುವಾಯಿತು. ವಕೀಲಿಯ ಗಳಿಕೆ ಅಚ್ಚಿನ ಮೊಳೆಗೆ ಹೋಯಿತು. ಇಂಥವರ ಋಣ ದೊಡ್ಡದು.

ಹಳಕಟ್ಟಿಯವರು ಹಾಕಿದ ಹಾದಿಯಲ್ಲಿ ಶಿ. ಶಿ. ಬಸವನಾಳರು ಬಸವಣ್ಣನವರ ವಚನಗಳನ್ನು ಷಟ್‌ಸ್ಥಲದ ಕ್ರಮದಲ್ಲಿ ಪರಿಷ್ಕರಿಸಿದರು. ಆ ಪುಸ್ತಕದ ಸಂಖ್ಯೆಗಳು ಹೊರದೇಶಕ್ಕೂ ಹೋಗಿವೆ. ಶಿಕಾಗೋದಲ್ಲಿದ್ದ ಎ. ಕೆ. ರಾಮಾನುಜನ್ 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಪ್ರಕಟಿಸಿದಾಗ ಬಸವಣ್ಣನವರ ವಚನಗಳಿಗೆ ಬಸವನಾಳರ ಸಂಖ್ಯೆಗಳನ್ನೇ ಉಳಿಸಿಕೊಂಡರು. ಅಲ್ಲಿ ಸಂಖ್ಯೆಗಳು ಒಂದೊಂದೇ ಏರದೆ ಜಿಗಿಯುವುದು ಅದಕ್ಕೇ. ಉಳ್ಳವರ ಶಿವಾಲಯದ ವಚನ ಅಲ್ಲಿ 820. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಅದನ್ನು ಓದುವ ನಿಮ್ಮ ಮಗಳು ‘ಇದೇನು 820?’ ಎಂದು ಕೇಳಿದರೆ ಧಾರವಾಡದ ಬಸವನಾಳರ ಹೆಸರು ಹೇಳಿ. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ ಸಮಗ್ರ ವಚನ ಸಂಪುಟದ 15 ಸಂಪುಟಗಳನ್ನು ಹೊರತಂದಿತು. ಆವೃತ್ತಿ ಬದಲಾದರೆ ಸಂಖ್ಯೆಯೂ ಬದಲಾಗಬಹುದು. ಹಾಗಾಗಿ ವಚನವನ್ನು ಸಂಖ್ಯೆಯಿಂದ ಹೆಸರಿಸುವಾಗ ಯಾವ ಆವೃತ್ತಿಯದೆಂದು ಜೊತೆಗೆ ಬರೆಯುವುದು ಒಳ್ಳೆಯದು.

ಊರಿನ ಮನೆಯ ಅಟ್ಟದಲ್ಲೋ ದೇವರ ಕೋಣೆಯಲ್ಲೋ ಓಲೆಯ ಕಟ್ಟು ಈಗಲೂ ಸಿಗಬಹುದು. ರಜೆಗೆ ಬಂದಾಗ ಸಿಕ್ಕರೆ ದಾರ ಬಿಚ್ಚಿ ಗರಿಗಳನ್ನು ನೀವೇ ಜೋಡಿಸಲು ಹೋಗಬೇಡಿ. ಎಣ್ಣೆ ಸವರಬೇಡಿ, ಅಂಟಿಕೊಂಡ ಗರಿಗಳನ್ನು ಬಿಡಿಸಬೇಡಿ. ಸಾಧ್ಯವಿದ್ದಷ್ಟು ಗರಿಗಳ ಎರಡೂ ಮುಖದ ಫೋಟೋ ತೆಗೆಯಿರಿ, ಇದ್ದ ಸಾಲಿನಲ್ಲೇ, ಸಾಲು ತಪ್ಪಿದಂತೆ ಕಂಡರೂ. ತಲೆಕೆಳಗಾದ ಗರಿಯೂ ತಿಳಿದವರಿಗೆ ಏನೋ ಹೇಳುತ್ತದೆ. ಆಮೇಲೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಇವುಗಳಲ್ಲಿ ಹತ್ತಿರದ ಒಂದರ ಹಸ್ತಪ್ರತಿ ವಿಭಾಗಕ್ಕೆ ತೋರಿಸಿ. ಕಟ್ಟು ಯಾವ ಊರಿನದು, ಯಾರ ಮನೆಯಲ್ಲಿತ್ತು ಎಂದು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡುವುದನ್ನು ಮರೆಯಬೇಡಿ.