ಹಾಡಿದವರ ವಿಳಾಸ, ಕೇಳಿದವರ ವಿಳಾಸ



ಕಛೇರಿ ಮುಗಿಯಿತು. ಚಪ್ಪಾಳೆ ತಟ್ಟಿದಿರಿ, ಲೋಕಲ್ ಹಿಡಿಯಲು ಮಾಟುಂಗಾ ಸ್ಟೇಷನ್ನಿಗೆ ಓಡಿದಿರಿ. ಹಾಡಿದವರಿಗೆ ನೀವು ಯಾರೆಂದು ಗೊತ್ತಿಲ್ಲ. ಅವರು ಮತ್ತೆ ಎಲ್ಲಿ ಹಾಡುತ್ತಾರೆಂದು ನಿಮಗೂ ಗೊತ್ತಿಲ್ಲ. ಈ ಎರಡು 'ಗೊತ್ತಿಲ್ಲ'ಗಳ ನಡುವೆ ಎಷ್ಟು ಒಳ್ಳೆಯ ಸಂಗೀತ ಖಾಲಿ ಕುರ್ಚಿಗಳ ಪಾಲಾಗುತ್ತದೆ, ಅಲ್ಲವೇ?

ಈಗ ಹಲವು ಕಲಾವಿದರು ತಮ್ಮ ಕೇಳುಗರಿಗೆ ಇ-ಮೇಲ್‌ನಲ್ಲೇ ವಾರ್ತಾಪತ್ರ ಕಳಿಸುತ್ತಾರೆ. ಹೊಸ ಉಪಾಯ ಅನ್ನಿಸಬಹುದು. ಆದರೆ ಇದರ ಬೇರು ನೂರು ವರ್ಷಕ್ಕೂ ಹಳೆಯದು!

ಪಂಡಿತ್ ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು, 1908ರಲ್ಲಿ ಮುಂಬೈಗೆ ಬಂದರು. ಅವರು ಅರಮನೆಯನ್ನು ಬಿಟ್ಟು ಜನರನ್ನು ನಂಬಿದರು. ಟಿಕೆಟ್ ಇಟ್ಟು ಹಾಡಿದರು, ಪಾಠದ ಪುಸ್ತಕ ಅಚ್ಚು ಹಾಕಿಸಿದರು, 'ಸಂಗೀತಾಮೃತ ಪ್ರವಾಹ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಆಸ್ಥಾನ ಗಾಯಕನಿಗೆ ಒಬ್ಬ ರಾಜನ ವಿಳಾಸ ಗೊತ್ತಿದ್ದರೆ ಸಾಕು. ಜನರ ಗಾಯಕನಿಗೆ ಸಾವಿರ ಮನೆಗಳ ವಿಳಾಸ ಬೇಕು.

ಅವರ ಶಿಷ್ಯ ಬಿ.ಆರ್. ದೇವಧರ್ ಮುಂಬೈಯಲ್ಲಿ ಸಂಗೀತ ಶಾಲೆ ನಡೆಸಿದರು, 'ಸಂಗೀತ ಕಲಾ ವಿಹಾರ' ಪತ್ರಿಕೆಯ ಸಂಪಾದಕರಾಗಿ ದೊಡ್ಡ ಗಾಯಕರ ಬದುಕನ್ನು ಓದುಗರ ಮನೆಗೆ ಮುಟ್ಟಿಸಿದರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಹುಡುಗ ಶಿವಪುತ್ರ, ನಮ್ಮ ಕುಮಾರ ಗಂಧರ್ವ, ಕಲಿತದ್ದು ಇದೇ ಶಾಲೆಯಲ್ಲಿ. 1940ರ ದಶಕದ ಕೊನೆಗೆ ಕ್ಷಯ ತಗುಲಿ ಅವರು ಮಧ್ಯಪ್ರದೇಶದ ದೇವಾಸ್ ಸೇರಿದರು, ಕೆಲವು ವರ್ಷ ವೇದಿಕೆಯಿಂದ ದೂರ ಉಳಿದರು. 'ಗುಣವಾಗುತ್ತಿದ್ದೇನೆ, ಕಾಯುತ್ತಿರಿ' ಎಂಬ ನಾಲ್ಕು ಸಾಲು ಅಭಿಮಾನಿಯ ಮನೆಗೆ ಬಂದಿದ್ದರೆ ಹೇಗಿರುತ್ತಿತ್ತು, ಊಹಿಸಿ ನೋಡಿ.

ಆಮೇಲೆ ರೇಡಿಯೋ ಕಾಲ. 1952ರಲ್ಲಿ ರೇಡಿಯೋ ಸಿಲೋನ್‌ನಲ್ಲಿ 'ಬಿನಾಕಾ ಗೀತಮಾಲಾ' ಶುರುವಾಯಿತು. ಮೊದಲ ಕಾರ್ಯಕ್ರಮಕ್ಕೇ 9,000 ಪತ್ರ ಬಂದವೆಂದೂ ಮುಂದೆ ವಾರಕ್ಕೆ 65,000 ತಲುಪಿತೆಂದೂ ಅಮೀನ್ ಸಯಾನಿ ನೆನಪಿಸಿಕೊಳ್ಳುತ್ತಿದ್ದರು. ಎಂಥ ಪ್ರೀತಿ! ಆದರೆ ಒಂದು ವಿಷಯ ಗಮನಿಸಿ: ಆ ಪತ್ರಗಳು ಬಂದದ್ದು ಕಾರ್ಯಕ್ರಮಕ್ಕೆ, ಹಾಡಿದವರಿಗಲ್ಲ. ವಿಳಾಸದ ರಾಶಿ ಕಾರ್ಯಕ್ರಮದವರ ಮೇಜಿನ ಮೇಲೇ ಉಳಿಯಿತು.

ಹೊರನಾಡ ಕನ್ನಡಿಗರಾದ ನಮ್ಮ ದಾರಿ ಬೇರೆಯಾಗಿತ್ತು. 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘದಂಥ ಸಂಸ್ಥೆಗಳು ಸದಸ್ಯರ ಪಟ್ಟಿ ಇಟ್ಟುಕೊಂಡು ಬೆಳೆದವು. ಅಸೋಸಿಯೇಷನ್ನಿನ ಮಾಸಪತ್ರಿಕೆ 'ನೇಸರು' ಎಷ್ಟೋ ಮನೆಗಳಿಗೆ ಕನ್ನಡದ ಸುದ್ದಿ ಹೊತ್ತು ತಂದಿದೆ. ಆದರೆ ಮನೆ ಡೊಂಬಿವಲಿಗೋ ಮೀರಾ ರೋಡಿಗೋ ಬದಲಾದರೆ ಅಂಚೆ ಹಳೆಯ ಬಾಗಿಲನ್ನೇ ತಟ್ಟುತ್ತದೆ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆಯಿತು. ಮನೆ ಬದಲಾದರೂ ಬದಲಾಗದ ವಿಳಾಸವೊಂದು ನಮಗೆಲ್ಲ ಸಿಕ್ಕಿತು. ಸ್ಟಾಂಪಿನ ಖರ್ಚೂ ಇಲ್ಲ!

ನಮ್ಮ ಕೇಳುಗರಲ್ಲಿ ಹಾಡುವವರೂ ಇದ್ದೀರಿ. ಕಛೇರಿಯ ಬಾಗಿಲಲ್ಲಿ ಒಂದು ಪುಸ್ತಕ ಇಡಿ; ಇಷ್ಟವಿದ್ದವರು ಮಾತ್ರ ಇ-ಮೇಲ್ ಬರೆಯಲಿ. ತಿಂಗಳಿಗೊಂದೇ ಪತ್ರ ಸಾಕು. ಮುಂದಿನ ಕಾರ್ಯಕ್ರಮ ಎಲ್ಲಿ, ಹತ್ತಿರದ ಸ್ಟೇಷನ್ ಯಾವುದು, ಈ ತಿಂಗಳು ಯಾವ ದೇವರನಾಮ ಅಭ್ಯಾಸ ಮಾಡುತ್ತಿದ್ದೀರಿ, ಅದರಲ್ಲಿ ಯಾವ ಸಾಲು ಕೈಕೊಡುತ್ತಿದೆ, ಇಷ್ಟು ಬರೆಯಿರಿ. ಬೇಡವೆಂದವರ ಹೆಸರು ಕೂಡಲೇ ತೆಗೆಯಿರಿ. ಉತ್ತರ ಬಂದರೆ ನೀವೇ ಉತ್ತರಿಸಿ.

ಕೇಳುಗರೇ, ನಿಮಗೂ ಒಂದು ಮಾತು. ಅಂಥ ಪತ್ರ ಬಂದಾಗ ಓದಿ ಸುಮ್ಮನಾಗಬೇಡಿ. 'ಬರುತ್ತೇನೆ' ಎಂದು ಒಂದು ಸಾಲು ಬರೆಯಿರಿ. ಹಾಡುವವರು ಆ ಸಾಲಿಗಾಗಿ ಕಾಯುತ್ತಿರುತ್ತಾರೆ.