ಝೆರ್ಬೋ: ಅಂಗಡಿಯಿಂದ ಅಡುಗೆಮನೆಗೆ ಬಂದ ಕತೆ

ಹಂಗೇರಿಯ ಮನೆಗಳಲ್ಲಿ ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಸಾಮಾನ್ಯವಾಗಿ ಎರಡು ಸಿಹಿಗಳ ಮಾತು ಶುರುವಾಗುತ್ತದೆ. ಒಂದು ಬೆಯ್‌ಗ್ಲಿ. ಗಸಗಸೆಯ ಅಥವಾ ಅಕ್ರೋಟಿನ ಹೂರಣ ತುಂಬಿ ಸುತ್ತಿದ ಸುರುಳಿ. (ಗಸಗಸೆಯನ್ನು ಪಾಯಸಕ್ಕೆ ಹಾಕುವ ನಮಗೆ ಇದು ತೀರಾ ಪರಕೀಯ ಅನಿಸುವುದಿಲ್ಲ.) ಇನ್ನೊಂದು ಝೆರ್ಬೋ. ಹಿಟ್ಟಿನ ಪದರ, ಅದರ ಮೇಲೆ ಏಪ್ರಿಕಾಟ್ ಜಾಮ್, ಮೇಲೆ ಸಕ್ಕರೆ ಬೆರೆಸಿದ ಅಕ್ರೋಟಿನ ಪುಡಿ, ಮತ್ತೆ ಹಿಟ್ಟು, ಮತ್ತೆ ಜಾಮ್, ಮತ್ತೆ ಅಕ್ರೋಟು, ಮತ್ತೆ ಹಿಟ್ಟು. ಬೇಯಿಸಿ ಆರಿಸಿದ ಮೇಲೆ ತಲೆಗೆ ಚಾಕೊಲೇಟಿನ ಲೇಪ. ನಮ್ಮ ಪ್ರಾಜೆಕ್ಟಿನ ಅರ್ಧ ತಂಡ ಪುಣೆಯಲ್ಲಿದ್ದರೆ ಇನ್ನರ್ಧ ಬುಡಾಪೆಸ್ಟಿನಲ್ಲಿದೆ. ಡಿಸೆಂಬರಿನ ಮೂರನೇ ವಾರ ಆ ಕಡೆಯಿಂದ ಯಾವ ರಿಲೀಸೂ ಹೊರಬೀಳುವುದಿಲ್ಲ. ಎಲ್ಲರೂ ಅಕ್ರೋಟು ಒಡೆಯುತ್ತಿರುತ್ತಾರೆ. ಹಾಗೆ ಕಾಯುತ್ತ ಕೂತ ಹೊತ್ತಿನಲ್ಲಿ ಈ ಸಿಹಿಯ ಹಿಂದೆ ಬಿದ್ದೆ.

ಝೆರ್ಬೋ ಎನ್ನುವುದು ಒಬ್ಬ ಮನುಷ್ಯನ ಹೆಸರು. ಎಮಿಲ್ ಝೆರ್ಬೋ, 1854ರಲ್ಲಿ ಜಿನೀವಾದಲ್ಲಿ ಹುಟ್ಟಿದ ಸ್ವಿಸ್ ಮಿಠಾಯಿಗಾರ. ಆಗ ಚಾಕೊಲೇಟಿನ ಮಟ್ಟಿಗೆ ಸ್ವಿಟ್ಜರ್ಲೆಂಡ್ ಎಂದರೆ ಇಂದಿನ ನಮ್ಮ ಬೆಂಗಳೂರು ಇದ್ದ ಹಾಗೆ, ಹೊಸದೆಲ್ಲ ಅಲ್ಲೇ. 1875ರ ಸುಮಾರಿಗೆ ಡೇನಿಯಲ್ ಪೀಟರ್ ಚಾಕೊಲೇಟಿಗೆ ಹಾಲು ಬೆರೆಸುವುದನ್ನು ಸಾಧಿಸಿದ. 1879ರಲ್ಲಿ ಬರ್ನ್ ನಗರದ ರೊಡಾಲ್ಫ್ ಲಿಂಟ್, ಚಾಕೊಲೇಟನ್ನು ಗಂಟೆಗಟ್ಟಲೆ ಅರೆದು ನುಣುಪಾಗಿಸುವ ಯಂತ್ರ ಕಂಡುಹಿಡಿದ. ಅದಕ್ಕೆ ಮುಂಚೆ ಚಾಕೊಲೇಟು ತರಿತರಿಯಾಗಿತ್ತು. ನಾಲಿಗೆಯ ಮೇಲೆ ಕರಗುತ್ತಿರಲಿಲ್ಲ, ಕೇಕಿನ ಮೇಲೆ ಹೊಳೆಯುತ್ತಲೂ ಇರಲಿಲ್ಲ.

ಬುಡಾಪೆಸ್ಟಿನಲ್ಲಿ ಹೆನ್ರಿಕ್ ಕುಗ್ಲರ್ ಎಂಬವನು 1858ರಲ್ಲಿ ತೆರೆದ ಮಿಠಾಯಿ ಅಂಗಡಿ ಹೆಸರು ಮಾಡಿತ್ತು. 1870ರಲ್ಲಿ ಅದು ಊರ ನಡುವಿನ ಗಿಜೆಲಾ ಚೌಕಕ್ಕೆ ಬಂತು. 1873ರಲ್ಲಿ ಬುಡಾ, ಪೆಸ್ಟ್, ಓಬುಡಾ ಎಂಬ ಮೂರು ಊರುಗಳು ಸೇರಿ ಒಂದೇ ನಗರವಾದವು. ಊರು ಉಬ್ಬುತ್ತಿತ್ತು, ಕೈಯಲ್ಲಿ ಕಾಸು ಓಡಾಡುತ್ತಿತ್ತು. ಉತ್ತರಾಧಿಕಾರಿ ಇಲ್ಲದ ಕುಗ್ಲರ್, ಝೆರ್ಬೋನನ್ನು ಪಾಲುದಾರನಾಗಿ ಕರೆದ. 1884ರಲ್ಲಿ ಆತ ಬಂದ, ಕೊನೆಗೆ ಅಂಗಡಿ ಅವನದಾಯಿತು. ಕೆಲಸ ಹುಡುಕಿಕೊಂಡು ಭಾಷೆ ಬಾರದ ಊರಿಗೆ ಬಂದವನು, ನಮ್ಮ ಹಾಗೇ. ವ್ಯತ್ಯಾಸವೆಂದರೆ ನಮ್ಮ ಹೆಸರನ್ನು ಯಾರೂ ತಿಂಡಿಗೆ ಇಡುವುದಿಲ್ಲ.

ಅವನು ಬಂದ ಮರುವರ್ಷವೇ, 1885ರಲ್ಲಿ, ಅದೇ ಊರಿನ ಪ್ರದರ್ಶನವೊಂದರಲ್ಲಿ ಯೋಜೆಫ್ ದೊಬೊಶ್ ಎಂಬವನು ಇನ್ನೊಂದು ಪದರದ ಕೇಕನ್ನು ಮುಂದಿಟ್ಟ. ತೆಳ್ಳಗಿನ ಕೇಕಿನ ಹಾಳೆಗಳು, ನಡುವೆ ಚಾಕೊಲೇಟು ಬೆರೆಸಿದ ಬೆಣ್ಣೆಯ ಕ್ರೀಮು, ಮೇಲೆ ಗಾಜಿನಂತೆ ಗಟ್ಟಿಯಾದ ಸುಟ್ಟ ಸಕ್ಕರೆ. ಯುರೋಪಿನಾದ್ಯಂತ ಅದಕ್ಕೆ ಹುಚ್ಚು ಹತ್ತಿತು. ದೊಬೊಶ್ ವಿಧಾನವನ್ನು ಗುಟ್ಟಾಗಿಟ್ಟ. ಎಲ್ಲರೂ ನಕಲು ಮಾಡಲು ಹೋಗಿ ಕೆಟ್ಟದಾಗಿ ಮಾಡುತ್ತಿದ್ದರು. 1906ರಲ್ಲಿ ವ್ಯಾಪಾರ ಬಿಡುವಾಗ ಅದನ್ನು ಬುಡಾಪೆಸ್ಟಿನ ಮಿಠಾಯಿಗಾರರ ಸಂಘಕ್ಕೆ ಕೊಟ್ಟ. ಡಾಕ್ಯುಮೆಂಟೇಶನ್ ಕೊಟ್ಟು ಹೋಗುವ ಇಂಥ ಪುಣ್ಯಾತ್ಮರು ನನ್ನ ವೃತ್ತಿಯಲ್ಲಿ ಅಪರೂಪ.

ಇಷ್ಟಾದರೂ ಮನೆಯ ಹಬ್ಬದ ಸಿಹಿಯಾಗಿ ಹೆಚ್ಚು ಬೇರು ಬಿಟ್ಟದ್ದು ದೊಬೊಶ್ ಅಲ್ಲ, ಝೆರ್ಬೋ. ಏಕೆ? ನನ್ನ ಲೆಕ್ಕ ಹೀಗಿದೆ. ದೊಬೊಶ್ ಕೇಕಿಗೆ ಕೈಚಳಕ ಬೇಕು. ಒಂದೊಂದು ಹಾಳೆಯನ್ನೂ ಬೇರೆಬೇರೆಯಾಗಿ ಬೇಯಿಸಬೇಕು, ಸುಟ್ಟ ಸಕ್ಕರೆ ಗಟ್ಟಿಯಾಗುವ ಮುಂಚೆ ಹೋಳು ಗುರುತು ಮಾಡಬೇಕು. ಝೆರ್ಬೋ ಹಾಗಲ್ಲ. ಹಿಟ್ಟಿಗೆ ಸ್ವಲ್ಪ ಯೀಸ್ಟು, ಬೆಣ್ಣೆ ಅಥವಾ ಹಂದಿಯ ಕೊಬ್ಬು, ಮೊಟ್ಟೆ. ಎಲ್ಲ ಪದರಗಳೂ ಒಂದೇ ತಟ್ಟೆಯಲ್ಲಿ, ಒಂದೇ ಸಲಕ್ಕೆ ಬೇಯುತ್ತವೆ. ಕ್ರೀಮಿಲ್ಲ, ಹಾಗಾಗಿ ದಿನಗಟ್ಟಲೆ ಕೆಡುವುದಿಲ್ಲ. ಜಾಮಿನ ಪಸೆ ಹಿಟ್ಟಿಗಿಳಿದು ಮಾರನೆಯ ದಿನ ಇನ್ನೂ ರುಚಿ. ನೆಂಟರು ಬರುವ ಹಬ್ಬಕ್ಕೆ ಬೇಕಾದ್ದು ಇದೇ ಗುಣ. ನಮ್ಮ ಅಜ್ಜಿಯರು ಡಬ್ಬ ತುಂಬಿಡುತ್ತಿದ್ದ ಕರಜಿಕಾಯಿಗೂ ಇದೇ ಗುಣ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಏಪ್ರಿಕಾಟು, ಅಕ್ರೋಟು ಎರಡೂ ಹಂಗೇರಿಯ ಹಿತ್ತಿಲಲ್ಲೇ ಬೆಳೆಯುತ್ತವೆ. ಬೇಸಿಗೆಯ ಜಾಮು ಚಳಿಗಾಲದವರೆಗೆ ಭರಣಿಯಲ್ಲಿ ಇರುತ್ತದೆ. ಹೊರದೇಶದಿಂದ ಬರಬೇಕಾದದ್ದು ಕೋಕೋ ಮಾತ್ರ, ಅದೂ ಮೇಲಿನ ತೆಳು ಲೇಪಕ್ಕೆ.

ಮುಂದೆ ಬಂದ ಕಾಲಕ್ಕೆ ಅದು ದೊಡ್ಡ ಅನುಕೂಲವಾಗಿದ್ದಿರಬೇಕು. 1944ರ ಕ್ರಿಸ್‌ಮಸ್ ದಿನಗಳಲ್ಲೇ ಸೋವಿಯತ್ ಸೇನೆ ಬುಡಾಪೆಸ್ಟನ್ನು ಸುತ್ತುವರಿಯಿತು. ಮುತ್ತಿಗೆ ಮುಗಿದದ್ದು 1945ರ ಫೆಬ್ರವರಿ 13ಕ್ಕೆ. 1946ರ ಜುಲೈನಲ್ಲಿ ಹಂಗೇರಿಯ ಹಣದುಬ್ಬರ ಜಗತ್ತಿನಲ್ಲಿ ಎಲ್ಲೂ ಕಂಡಿರದ ಮಟ್ಟ ಮುಟ್ಟಿತು. ಬೆಳಗಿನ ಸಂಬಳಕ್ಕೆ ಸಂಜೆ ಬೆಲೆ ಇಲ್ಲ. ಆಗಸ್ಟ್ 1ರಂದು ಫೊರಿಂಟ್ ಎಂಬ ಹೊಸ ನಾಣ್ಯ ಬಂತು. ಅಂಥ ದಿನಗಳಲ್ಲಿ ಮರದ ಅಕ್ರೋಟಿಗೂ ಭರಣಿಯ ಜಾಮಿಗೂ ಇದ್ದ ಬೆಲೆ ನೋಟಿಗೆ ಎಲ್ಲಿಂದ ಬರಬೇಕು?

1948ರಲ್ಲಿ ಝೆರ್ಬೋನ ಅಂಗಡಿ ರಾಷ್ಟ್ರೀಕರಣವಾಯಿತು. ಎಮಿಲ್ 1919ರಲ್ಲೇ ತೀರಿಕೊಂಡಿದ್ದ. ಹೆಂಡತಿ ಎಸ್ತರ್ ಅಂಗಡಿಯನ್ನು ಮುಂದೆ ನಡೆಸಿ 1940ರಲ್ಲಿ ಹೋಗಿದ್ದಳು. 1950ರಲ್ಲಿ ಬೋರ್ಡೂ ಬದಲಾಯಿತು: ಚೌಕಕ್ಕೆ ಆಗಲೇ ಇದ್ದ ಕವಿ ವೊರೊಶ್‌ಮಾರ್ಟಿಯ ಹೆಸರನ್ನೇ ಕೆಫೆಗೂ ಇಟ್ಟರು. ಕವಿಯ ಹೆಸರು, ಆಕ್ಷೇಪಿಸುವುದು ಕಷ್ಟ. ಆದರೆ ಉದ್ದೇಶ ಕವಿಯ ಗೌರವಕ್ಕಿಂತ ಮಾಲೀಕನ ಹೆಸರು ಅಳಿಸುವುದೇ ಆಗಿತ್ತೆಂದು ನನಗನಿಸುತ್ತದೆ. ಅದೇ ಕಾಲದಲ್ಲಿ ಕ್ರಿಸ್‌ಮಸ್ಸನ್ನೂ ಸರ್ಕಾರಿ ಭಾಷೆಯಲ್ಲಿ 'ಫೆನ್ಯೋ ಊನ್ನೆಪ್', ಅಂದರೆ ಪೈನ್ ಮರದ ಹಬ್ಬ ಎನ್ನತೊಡಗಿದರು. ಚೌಕದ ಕೆಫೆಗೆ ಹೊಸ ಹೆಸರು, ಹಬ್ಬಕ್ಕೆ ಹೊಸ ಹೆಸರು. ಅಡುಗೆಮನೆಯ ತಟ್ಟೆಯಲ್ಲಿದ್ದ ಸಿಹಿಯ ಹೆಸರು ಮಾತ್ರ ಝೆರ್ಬೋ ಎಂದೇ ಉಳಿಯಿತು.

ಅದಕ್ಕೆ ಒಂದು ಕಾರಣ ಕಾಗುಣಿತವೂ ಇರಬಹುದು. ಫ್ರೆಂಚಿನಲ್ಲಿ ಉದ್ದಕ್ಕೆ ಬರೆಯುವ ಆ ಹೆಸರನ್ನು ಹಂಗೇರಿಯನ್ನರು ತಾವು ಉಚ್ಚರಿಸುವ ಹಾಗೆ, ತಮ್ಮ ಅಕ್ಷರಗಳಲ್ಲಿ ಬರೆದುಕೊಂಡಿದ್ದರು. ನಾವು ಬಸ್ಸು, ಕಾರು ಮಾಡಿಕೊಂಡ ಹಾಗೆ. ಹಾಗೆ ಬರೆದ ಮೇಲೆ ಅದು ಒಬ್ಬ ಬಂಡವಾಳಗಾರನ ಹೆಸರಾಗಿ ಉಳಿಯಲಿಲ್ಲ, ಒಂದು ತಿಂಡಿಯ ಹೆಸರಾಯಿತು. ಕೆಫೆಗೆ ಹಳೆಯ ಹೆಸರು ಮರಳಿದ್ದು 1984ರಲ್ಲಿ, ಎಮಿಲ್ ಆ ಊರಿಗೆ ಬಂದು ಸರಿಯಾಗಿ ನೂರು ವರ್ಷಕ್ಕೆ. ಆಗಿನ್ನೂ ಕಮ್ಯುನಿಸ್ಟರದೇ ಆಡಳಿತ.

ಝೆರ್ಬೋ ಹಂಗೇರಿಯ ಗಡಿಯೊಳಗಷ್ಟೇ ಇಲ್ಲ. 1920ರ ಟ್ರಿಯನಾನ್ ಒಪ್ಪಂದದಲ್ಲಿ ಹಂಗೇರಿ ರಾಜ್ಯದ ಮೂರನೇ ಎರಡು ಭಾಗದಷ್ಟು ನೆಲ ನೆರೆಯವರ ಪಾಲಾಯಿತು. ಅಲ್ಲಿದ್ದ ಹಂಗೇರಿಯನ್ ಮಾತಿನ ಲಕ್ಷಾಂತರ ಜನ ಇದ್ದಲ್ಲೇ ಇದ್ದು ಹೊರದೇಶದವರಾದರು. ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಮನೆಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇವತ್ತು ಸ್ಲೊವಾಕಿಯಾದಲ್ಲಿ, ಸರ್ಬಿಯಾದಲ್ಲಿ ಹಂಗೇರಿಯನ್ ಬಾರದವರೂ 'ಝೆರ್ಬೋ' ಮಾಡುತ್ತಾರೆ, ತಮ್ಮದೇ ಸಿಹಿ ಎನ್ನುತ್ತಾರೆ. ನಮ್ಮ ತಂಡದ ಹುಡುಗಿಯೊಬ್ಬಳ ತಾಯಿಯ ಕಡೆಯವರು ಸ್ಲೊವಾಕಿಯಾದವರು. ಅವರಲ್ಲಿ ಹಿಟ್ಟಿಗೆ ನಾಲ್ಕು ಪದರ, ತಂದೆಯ ಮನೆಯಲ್ಲಿ ಮೂರು. ಎರಡೂ ಕಡೆಯವರು ಸೇರುವ ವರ್ಷ ಎರಡು ತಟ್ಟೆ ಬೇಯಿಸುತ್ತಾರಂತೆ.